ಹಂಪಿಯಲ್ಲಿ ಕರಗಿದ ಎಂಟನೇ ತರಗತಿ

ಹಂಪಿಗೆ ಎಷ್ಟು ಸಲ ಹೋಗಿದ್ದೀರಿ ಎಂದು ಕೇಳಿ, ಎದೆಯುಬ್ಬಿಸಿ ಹೇಳುತ್ತೇನೆ: ಲೆಕ್ಕವಿಲ್ಲ. ಎಷ್ಟು ಸಲ ನೋಡಿದ್ದೀರಿ ಎಂದು ಮಾತ್ರ ಕೇಳಬೇಡಿ. ಹೊಸಪೇಟೆಯಲ್ಲಿ ಹುಟ್ಟಿ, ಹೊಸಪೇಟೆಗೇ ಸೊಸೆಯಾದ ನನ್ನಂಥವರಿಗೆ ಹಂಪಿ ಎಂದರೆ ನೆಂಟರು ಬಂದಾಗ ಹೋಗುವ ಜಾಗ. ನೆಂಟರು ಒಳಗೆ ಹೋಗಿ ಕಂಬ, ಕಲ್ಲು, ಕೆತ್ತನೆ ನೋಡುತ್ತಾರೆ. ನಾವು ಹೊರಗೆ ಕುಳಿತು ಅವರ ಚಪ್ಪಲಿ, ಬ್ಯಾಗು, ನೀರಿನ ಬಾಟಲಿ ಮತ್ತು ನಿದ್ದೆ ಹೋದ ಕೂಸನ್ನು ಕಾಯುತ್ತೇವೆ. ಯಾವ ಗುಡಿಯ ಮುಂದೆ ಎಷ್ಟು ಗಂಟೆಗೆ ನೆರಳು ಬೀಳುತ್ತದೆ, ಯಾವ ಕಟ್ಟೆ ಮಧ್ಯಾಹ್ನವೂ ಸುಡುವುದಿಲ್ಲ, ಯಾವ ಮಂಗಕ್ಕೆ ಬಾಳೆಹಣ್ಣಿಗಿಂತ ಬ್ಯಾಗಿನ ಜಿಪ್ಪಿನ ಮೇಲೆ ಕಣ್ಣು, ಇಂಥ ವಿಷಯಗಳಲ್ಲಿ ನನಗೆ ಯಾರಾದರೂ ಡಾಕ್ಟರೇಟ್ ಕೊಡಬೇಕು. ವಿಜಯನಗರದ ಅರಸರ ಹೆಸರು ಕೇಳಿದರೆ ಮಾತ್ರ ನಾನು ಕೂಸನ್ನು ತಟ್ಟಿ ಮಲಗಿಸುವುದರಲ್ಲಿ ಮಗ್ನಳಾಗಿಬಿಡುತ್ತೇನೆ.

ಹೋದ ತಿಂಗಳು ದಾವಣಗೆರೆಯಿಂದ ನಾದಿನಿಯ ಸಂಸಾರ ಬಂದಿತ್ತು. ಯಥಾಪ್ರಕಾರ ನಾನು ವಿರೂಪಾಕ್ಷನ ಗುಡಿಯ ಮುಂದೆ ಚಪ್ಪಲಿ ಗುಡ್ಡೆ ಹಾಕಿಕೊಂಡು ಕೂರಲು ಹೊರಟಿದ್ದೆ. ನಾದಿನಿಯ ಒಂಬತ್ತು ವರ್ಷದ ಮಗಳು ಕೈ ಹಿಡಿದು ಬಿಡಲಿಲ್ಲ. "ಅತ್ತೆ, ನೀವೂ ಬರ್ರಿ" ಎಂದು ಎಳೆದುಕೊಂಡೇ ಹೋದಳು. ಗರ್ಭಗುಡಿಯ ಹಿಂದೆ ಒಂದಿಷ್ಟು ಮೆಟ್ಟಿಲು ಹತ್ತಿದರೆ ಕತ್ತಲ ಕೋಣೆಯೊಂದಿದೆ. ಅದರ ಗೋಡೆಯ ಮೇಲೆ ಹೊರಗಿನ ದೊಡ್ಡ ಗೋಪುರದ ನೆರಳು ತಲೆಕೆಳಗಾಗಿ ಬೀಳುತ್ತದೆ. ಹುಡುಗಿ ಬಾಯಿ ತೆರೆದು ನೋಡಿ, "ಯಾಕೆ ಉಲ್ಟಾ?" ಎಂದಳು. ಗೈಡು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನೇ ಶುರು ಮಾಡಿಬಿಟ್ಟೆ. ಬೆಳಕು ನೆಟ್ಟಗೆ ಹೋಗುತ್ತದೆ ಪುಟ್ಟಾ, ಬಾಗುವುದಿಲ್ಲ, ಗೋಪುರದ ನೆತ್ತಿಯ ಕಡೆಯಿಂದ ಬಂದದ್ದು ಆ ಸಣ್ಣ ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದ ಕಡೆಯಿಂದ ಬಂದದ್ದು ಮೇಲೆ ಬೀಳುತ್ತದೆ, ಅಷ್ಟೇ. ಗೈಡು ನನ್ನನ್ನು ಮೇಲಿಂದ ಕೆಳಗೆ ನೋಡಿದ, ಕಸುಬಿಗೆ ಹೊಸದಾಗಿ ಬಂದವಳೇನೋ ಎಂಬಂತೆ. ನನ್ನ ಯಜಮಾನರೂ ಹಾಗೇ ನೋಡಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾನು ವಿಜ್ಞಾನ ಮಾತಾಡಿದ್ದನ್ನು ಅವರು ಕೇಳಿದ್ದು ಅದೇ ಮೊದಲು.

ಆ ಮಾತು ನನ್ನದಲ್ಲ, ರಂಗನಾಥ ಸರ್ ಅವರದು. ಅದು ನನ್ನ ತಲೆಯೊಳಗೆ ಹೋದ ದಿನದ ಕಥೆ ನೆನೆದರೆ ನನಗೆ ಈಗಲೂ ನಗು ಬರುತ್ತದೆ, ಹಿಂದೆಯೇ ಸ್ವಲ್ಪ ನಾಚಿಕೆಯೂ ಬರುತ್ತದೆ.

ರಂಗನಾಥ ಸರ್ ನಮ್ಮ ಶಾಲೆಗೆ ಮೈಸೂರಿನಿಂದ ಹೊಸದಾಗಿ ಬಂದ ವಿಜ್ಞಾನದ ಮೇಷ್ಟ್ರು. ಇನ್ನೂ ಮದುವೆಯಾಗಿರಲಿಲ್ಲ. ತೆಳ್ಳಗೆ, ಬೆಳ್ಳಗೆ, ಮಾತಿಗೊಮ್ಮೆ "ಕಣ್ರೋ" ಎನ್ನುತ್ತಿದ್ದರು. ಅವರ ಕನ್ನಡ ನಮಗೆ ರೇಡಿಯೋದಲ್ಲಿ ಬಂದಂತೆ ಕೇಳಿಸುತ್ತಿತ್ತು. ನಮ್ಮ ಕನ್ನಡ ಅವರಿಗೆ ಜಗಳದಂತೆ ಕೇಳಿಸುತ್ತಿತ್ತಂತೆ. ಬಂದ ಮೊದಲ ಭಾನುವಾರವೇ ಅವರು ಸೈಕಲ್ಲು ಹತ್ತಿ ಹಂಪಿಗೆ ಹೋದರು. ಎರಡನೇ ಭಾನುವಾರವೂ ಹೋದರು. ಮೂರನೆಯ ಸೋಮವಾರ ತರಗತಿಗೆ ಬಂದು ನಮ್ಮೆಲ್ಲರನ್ನೂ ಕೇಳಿದರು: "ತಲೆಕೆಳಗಾದ ಗೋಪುರದ ನೆರಳನ್ನ ಯಾರ್ಯಾರು ನೋಡಿದ್ದೀರಾ? ಕೈ ಎತ್ತಿ." ಒಂದು ಕೈಯೂ ಏಳಲಿಲ್ಲ. "ಆನೆಲಾಯದ ಗುಮ್ಮಟ ಹೇಗೆ ನಿಂತಿದೆ ಗೊತ್ತಾ?" ಇಲ್ಲ. "ಹಂಪಿಗೆ ಹೋಗೇ ಇಲ್ವೇನ್ರೋ?" ಅದಕ್ಕೆ ನಲವತ್ತೊಂದು ಕೈಯೂ ಎದ್ದವು. ಮಲ್ಲಿಕಾರ್ಜುನ ಎರಡೂ ಕೈ ಎತ್ತಿ, "ನಂದು ಜವಳ ತೆಗಿಸಿದ್ದು ಅಲ್ಲೇರಿ ಸಾರ್" ಎಂದ.

ಆ ದಿನ ಸರ್‌ಗೆ ಹುಳ ಹೊಕ್ಕಿತು. ಈ ಮಕ್ಕಳಿಗೆ ಹಂಪಿ ತೋರಿಸಲೇಬೇಕು, ಬರೀ ದೇವರನ್ನಲ್ಲ, ಕಟ್ಟಿದ ಬಗೆಯನ್ನು. ಎರಡು ತಿಂಗಳು ಅವರು ರಟ್ಟಿನಲ್ಲಿ ಗೋಪುರ ಮಾಡಿದರು, ಸಾಬೂನಿನಲ್ಲಿ ಕಮಾನು ಕೊರೆದರು, ಹೆಡ್ ಮಾಸ್ತರರ ಕೋಣೆಗೆ ಹನ್ನೆರಡು ಸಲ ಹೋಗಿಬಂದರು. ಹದಿಮೂರನೆಯ ಸಲ ಹೆಡ್ ಮಾಸ್ತರರು ಸೋತರು. ಆದರೆ ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ಒಂದು ಷರತ್ತು ಹಾಕಿದರು: "ನಲವತ್ತೊಂದು ಮಂದಿ ಹೋಕ್ಕೀರಿ, ನಲವತ್ತೊಂದು ಮಂದಿ ಬರಬೇಕು. ಗೇಟಿನಾಗ ನಾನಾ ನಿಂತು ಎಣಸ್ತೀನಿ. ಸರಿ ಬಂದ್ರೆ ಮುಂದಿನ ವರ್ಷ ಮೈಸೂರು. ಒಂದು ತಲಿ ಕಮ್ಮಿ ಆದ್ರೂ ಈ ಶಾಲಿಯಿಂದ ಇನ್ನ ಯಾವ ಪ್ರವಾಸನೂ ಇಲ್ಲ, ರಂಗನಾಥ್ ಅವರ ಹೊಣಿ."

ಮೈಸೂರು! ಅಲ್ಲಿ ಅರಮನೆಯಿದೆ, ಪ್ರಾಣಿಗಳಿವೆ, ಬಣ್ಣದ ನೀರಿನ ಕಾರಂಜಿಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ರಾತ್ರಿಯಿಡೀ ಬಸ್ಸಿನಲ್ಲಿ ಕೂರುವ ಭಾಗ್ಯವಿದೆ. ಅದಕ್ಕಾಗಿ ಹಂಪಿಯನ್ನೇನು, ಮುನಸಿಪಾಲಿಟಿ ಆಫೀಸನ್ನಾದರೂ ನೋಡಿಬರಲು ನಾವು ತಯಾರಿದ್ದೆವು. ಸರ್ ನನ್ನನ್ನು ಮಾನಿಟರ್ ಮಾಡಿದರು. ಹೆಸರಿನ ಪಟ್ಟಿ, ಒಂದು ಪೆನ್ಸಿಲು ಕೊಟ್ಟು, "ಗಿರಿಜಾ, ನಿನ್ನ ನಂಬಿದೀನಿ. ಯಾರೇ ಎಲ್ಲಿಗೇ ಹೋಗ್ಬೇಕಾದ್ರೂ ನಿನ್ನ ಕೇಳಿ ಹೋಗ್ಲಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಒಂದಕ್ಕೆ, ಎರಡಕ್ಕೆ. ಅದನ್ನು ಬಿಡಿಸಿ ಹೇಳಿದ್ದರೆ ಎಷ್ಟೋ ಅನಾಹುತ ತಪ್ಪುತ್ತಿತ್ತು.

ಮನೆಯಲ್ಲಿ ಸುದ್ದಿ ಹೇಳಿದಾಗ ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದಳು.

"ಹಂಪಿಗೆ ಟೂರಾ? ನಮ್ಮ ಹಿತ್ತಲಕ ನಾವಾ ಬಸ್ ಮಾಡ್ಕೊಂಡು ಹೋದಂಗಾತು ನೋಡು." ಆಮೇಲೆ ಒಂದು ಕ್ಷಣ ಯೋಚಿಸಿ, "ಹೆಂಗೂ ಹೊಂಟೀದಿ, ಕಮಲಾಪುರದಾಗ ನಿಮ್ಮ ದೊಡ್ಡವ್ವಗ ಮಾವಿನಕಾಯಿ ಉಪ್ಪಿನಕಾಯಿ ಕೊಟ್ಟು ಹೋಗು. ಆಕಿ ಬಸುರಿದ್ದಾಗ ಕೇಳಿದ್ಲು" ಎಂದಳು. ದೊಡ್ಡವ್ವನ ಮಗ ಆಗ ಕಾಲೇಜಿಗೆ ಹೋಗುತ್ತಿದ್ದ.

ನಮ್ಮ ಮನೆಯಲ್ಲಿ ಮಾತ್ರ ಹೀಗೆ ಎಂದುಕೊಂಡಿದ್ದೆ. ಪ್ರವಾಸದ ದಿನ ಬೆಳಗ್ಗೆ ಶಾಲೆಯ ಗೇಟಿನಲ್ಲಿ ನೋಡಿದರೆ ಇಡೀ ಹೊಸಪೇಟೆಗೆ ಅದೇ ಬುದ್ಧಿ ಬಂದಿತ್ತು. 'ಹೆಂಗೂ ಹೊಂಟೀದಿ' ಎಂಬ ಎರಡು ಶಬ್ದಕ್ಕೆ ನಮ್ಮ ಕಡೆ ಸೋಲದ ಮನುಷ್ಯರಿಲ್ಲ. ಸರ್ ತರಲು ಹೇಳಿದ್ದು ನೋಟುಪುಸ್ತಕ, ಸ್ಕೇಲು, ಒಂದು ದಾರದುಂಡೆ. ಬಸ್ಸಿಗೆ ಹತ್ತಿದ್ದು ಜೋಳದ ಹಿಟ್ಟಿನ ಚೀಲ, ತುಪ್ಪದ ಡಬ್ಬಿ, ಬಾಣಂತಿಯ ಲೇಹ್ಯ, ಯಾರದೋ ಮದುವೆ ಆಲ್ಬಮ್ಮು. ಪಂಪಾಪತಿ ರಿಪೇರಿಯಾದ ಸೀಲಿಂಗ್ ಫ್ಯಾನನ್ನು ರೆಕ್ಕೆ ಬಿಚ್ಚಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದ. ಶಶಿಕಲಾಳ ಕೈಯಲ್ಲಿ ಅವಳ ಅಕ್ಕನ ಲಗ್ನಪತ್ರಿಕೆಯ ಕಟ್ಟು, ಜೊತೆಗೆ ಅರಿಶಿನ ಕುಂಕುಮದ ಬಟ್ಟಲು. ಸರ್ ಅದೆಲ್ಲವನ್ನೂ ಬೆರಗಾಗಿ ನೋಡಿ, "ಒಂದೇ ದಿನದ ಪ್ರವಾಸ ಕಣ್ರೋ, ಸಂಜೆ ವಾಪಸ್ ಬರ್ತೀವಿ" ಎಂದರು. "ಹೌದ್ರಿ ಸಾರ್" ಎಂದು ಎಲ್ಲರೂ ವಿನಯದಿಂದ ಒಪ್ಪಿ ಚೀಲಗಳನ್ನು ಸೀಟಿನ ಕೆಳಗೆ ತಳ್ಳಿದೆವು.

ಬಸ್ಸು ದೋಣಿಮಲೈ ಗಣಿಗೆ ನೌಕರರನ್ನು ಒಯ್ಯುವಂಥದು. ಎಷ್ಟು ತೊಳೆದರೂ ಹೋಗದ ಕೆಂಪು ಧೂಳು ಸೀಟಿನ ಮೇಲೆಲ್ಲ. ಹತ್ತಿ ಇಳಿಯುವುದರೊಳಗೆ ನಮ್ಮ ಬಿಳಿ ಯೂನಿಫಾರಮ್ಮು ಕಾವಿಯಾಗಿತ್ತು. ಡ್ರೈವರ್ ಖಾಜಾ ಮಾಮ ಸಂಡೂರಿನವರು. ಶಿಫ್ಟು ಬಸ್ಸು ಓಡಿಸಿ ಓಡಿಸಿ ಗಡಿಯಾರವೇ ಆಗಿಹೋಗಿದ್ದರು. ಹೊರಡುವ ಮೊದಲೇ ಸರ್‌ಗೆ ಹೇಳಿದರು: "ನೋಡ್ರಿ ಸಾರ್, ಸಂಜಿಗೆ ಗಣಿ ಮಂದಿ ಗೇಟಿನಾಗ ನಿಂತಿರ್ತಾರ. ಮೂರೂವರಿಗೆ ಹಂಪ್ಯಾಗ ಗಾಡಿ ಸ್ಟಾರ್ಟ್. ಯಾರು ಬರ್ಲಿ, ಯಾರು ಬಿಡ್ಲಿ, ನಾನು ಹೊಂಟೆ."

ಕಮಲಾಪುರದಲ್ಲಿ ರಸ್ತೆಗೆ ಎಮ್ಮೆಗಳು ಅಡ್ಡ ಬಂದು ಬಸ್ಸು ನಿಂತಿತು. ಹಿಂದಿನ ಬಾಗಿಲಿನಿಂದ ನಾನು ಇಳಿದೆ. ದೊಡ್ಡವ್ವನ ಮನೆ ರಸ್ತೆಗೇ ಇತ್ತು. ಓಡಿಹೋಗಿ ಉಪ್ಪಿನಕಾಯಿ ಕೊಟ್ಟೆ, ಅವಳು ಆಗಷ್ಟೇ ಬಾಣಲೆಯಿಂದ ತೆಗೆದ ಎರಡು ಮಿರ್ಚಿ ಬಜ್ಜಿ ಕೊಟ್ಟಳು. ತಿನ್ನುತ್ತ ತಿರುಗಿ ಬರುವಾಗ ನೋಡುತ್ತೇನೆ, ಐದು ಮಂದಿ ಬಸ್ಸಿನ ಹಿಂದೆ ಚೀಲ ಹಿಡಿದು ನನಗಾಗಿ ಕಾಯುತ್ತಿದ್ದಾರೆ. "ಗಿರಿಜಾ, ಸಾರ್ ನಿನ್ನ ಕೇಳಿ ಹೋಗಂದಾರ. ಐದು ನಿಮಿಷ, ಕೊಟ್ಟು ಬರ್ತೀವಿ." ಬಾಯಲ್ಲಿ ಮಿರ್ಚಿ ಇಟ್ಟುಕೊಂಡು ಇನ್ನೊಬ್ಬರಿಗೆ ಇಲ್ಲ ಎನ್ನುವ ಮುಖ ನನಗೆಲ್ಲಿಯದು? ತಲೆಯಾಡಿಸಿದೆ. ಅವರಲ್ಲಿ ವೀರೇಶನೂ ಒಬ್ಬ. ಅವನ ಅವ್ವ ಕಂಪ್ಲಿಯ ತನ್ನ ಅಕ್ಕನಿಗೆ ಸೀರೆಯ ಗಂಟು ಕಳಿಸಿದ್ದಳು, ಕಮಲಾಪುರದಲ್ಲಿ ಯಾರಾದರೂ ಕಂಪ್ಲಿಯವರು ಸಿಕ್ಕರೆ ಕೊಡು ಎಂದು. ಕಂಪ್ಲಿಯವರು ಸಿಗಲಿಲ್ಲ, ಕಂಪ್ಲಿಯ ಟೆಂಪೋ ಸಿಕ್ಕಿತು. "ಜಲ್ದಿ ಬರ್ತೀನಿ ಲೇ" ಎಂದು ಹತ್ತಿಯೇ ಬಿಟ್ಟ. ನಾನು ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ 'ಬರ್ತಾನ' ಎಂದು ಬರೆದುಕೊಂಡೆ. ಉಳಿದ ನಾಲ್ವರು ಬರುವ ಮೊದಲೇ ಎಮ್ಮೆಗಳು ಸರಿದು ಬಸ್ಸು ಹೊರಟಿತು.

ಆನೆಲಾಯದ ಮುಂದೆ ಸರ್ ಬೇರೆಯೇ ಮನುಷ್ಯನಾದರು. ಹನ್ನೊಂದು ಕೋಣೆ, ಒಂದೊಂದರ ಮೇಲೂ ಗುಮ್ಮಟ, ಒಳಗೆ ಒಂದೇ ಒಂದು ತೊಲೆ ಇಲ್ಲ. "ಹಾಗಾದ್ರೆ ಆ ಭಾರ ಎಲ್ಲಿಗೆ ಹೋಗುತ್ತೆ?" ಎಂದು ಕೇಳಿದರು. ಭಾರ ಎಲ್ಲಿಗಾದರೂ ಹೋಗುತ್ತದೆ ಎನ್ನುವುದೇ ನಮಗೆ ಹೊಸ ಸುದ್ದಿ. ಸರ್ ತೋಳು ಮಡಚಿ, ಮಕ್ಕಳಿಂದಲೇ ಕಮಾನು ಕಟ್ಟಲು ನಿಂತರು. ಎರಡೂ ಕಡೆ ನಾಲ್ಕು ನಾಲ್ಕು ಗಟ್ಟಿ ಹುಡುಗರು, ಒಬ್ಬರ ಬೆನ್ನಿಗೆ ಒಬ್ಬರು ಒತ್ತಿಕೊಂಡು ಎದುರು ಬದುರು ಬಾಗಿದರು. ನಡುವೆ ತುದಿಯಲ್ಲಿ, ಎಲ್ಲರಿಗಿಂತ ಕುಳ್ಳನಾದ ಮಲ್ಲಿಕಾರ್ಜುನನನ್ನು ಎತ್ತಿ ಎರಡು ಹೆಗಲುಗಳ ಸಂದಿನಲ್ಲಿ ಸಿಕ್ಕಿಸಿದರು. ಅವನ ಕಾಲು ನೆಲ ಬಿಟ್ಟು ಜೋಲಾಡುತ್ತಿತ್ತು.

"ನೋಡಿ ಮಕ್ಕಳೇ! ಇವನನ್ನ ಯಾರೂ ಹಿಡಿದಿಲ್ಲ, ಆದ್ರೂ ಬೀಳ್ತಿಲ್ಲ. ಆ ಕಡೆಯವರು ಈ ಕಡೆಗೆ ತಳ್ತಾರೆ, ಈ ಕಡೆಯವರು ಆ ಕಡೆಗೆ ತಳ್ತಾರೆ. ಇಡೀ ಕಮಾನು ನಿಂತಿರೋದೇ ಈ ನಡುಗಲ್ಲಿನ ಮೇಲೆ. ಈ ಕಲ್ಲು ಒಂದು ಜರುಗಿದ್ರೆ..."

"ಏ ಮಲ್ಲ್ಯಾ!"

ಸೌತೆಕಾಯಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬೇಲಿಯ ಹತ್ತಿರ ನಿಂತಿದ್ದಳು. ಅವನ ಸೋದರತ್ತೆ ಹುಲಿಗೆಮ್ಮ.

"ಯಾಕಲೇ ಅಲ್ಲಿ ಜೋತುಬಿದ್ದೀ? ಬಾ ಇಲ್ಲಿ, ಎಷ್ಟು ಸೊರಗೀಯಲೇ!"

ಸೋದರತ್ತೆ ಕರೆದರೆ ನಡುಗಲ್ಲು ತಡೆಯುತ್ತದೆಯೇ? ಮಲ್ಲ್ಯಾ ಹೆಗಲ ಸಂದಿನಿಂದ ಸರಕ್ಕನೆ ಜಾರಿ, ಸರ್ ಕಾಲಬಳಿಯಿಂದ ನುಸುಳಿ ಓಡಿದ. ಅವನ ಹಿಂದೆ ಇಡೀ ಕಮಾನು ಸರ್ ಮೇಲೆ ಬಿತ್ತು. ಎಂಟು ಹುಡುಗರ ಕೆಳಗಿನಿಂದ ಸರ್ ಕೈ ಮಾತ್ರ ಹೊರಗೆ ಕಾಣುತ್ತಿತ್ತು. ಆ ಕೈಯ ತೋರುಬೆರಳು ಇನ್ನೂ ಮೇಲಕ್ಕೇ ಇತ್ತು. "ಇದೇ ಕಣ್ರೋ ನಾನು ಹೇಳ್ತಾ ಇದ್ದಿದ್ದು!" ಎಂಬ ಕೂಗು ಬಂತು. ನಿಜ ಹೇಳುತ್ತೇನೆ, ಕಮಾನಿನ ಬಗ್ಗೆ ಅದಕ್ಕಿಂತ ಚೆನ್ನಾಗಿ ಯಾರೂ ನನಗೆ ಪಾಠ ಹೇಳಿಲ್ಲ. ಹುಲಿಗೆಮ್ಮ ಓಡಿಬಂದು ಸರ್ ಅಂಗಿಯ ಮಣ್ಣು ಕೊಡವಿ, ಉಪ್ಪು ಕಾರ ಹಚ್ಚಿದ ಸೌತೆಕಾಯಿ ಕೈಗಿಟ್ಟು, "ನಮ್ಮ ಹುಡುಗ ಬೀಳಸಿಬಿಟ್ಟ, ಸಿಟ್ಟಿಗೇಳಬ್ಯಾಡ್ರಿ ಸಾರ್. ಹಂಪಿ ಬಜಾರಿನಾಗ ನಮ್ಮ ಮನಿ ಐತಿ, ನಾನೂ ನಿಮ್ಮ ಬಸ್ಸಿಗೇ ಬರ್ತೀನಿ" ಎಂದಳು. ಅದು ಕ್ಷಮಾಪಣೆಯೋ ಪ್ರಯಾಣದ ಅನುಕೂಲವೋ ಸರ್‌ಗೆ ತಿಳಿಯಲಿಲ್ಲ. ಆಗ ಎಣಿಸಿದರು. ಮೂವತ್ತಾರು.

"ಇನ್ನೈದು ಜನ ಎಲ್ಲಮ್ಮಾ?"

"ಬರ್ತಾರ್ರಿ ಸಾರ್."

ಇಲ್ಲಿಂದ ಮುಂದೆ ಆ ದಿನವೆಲ್ಲ ನಾನು ಆಡಿದ್ದು ಅದೊಂದೇ ಮಾತು. ಮೆಟ್ಟಿಲು ಪುಷ್ಕರಣಿಯ ಹತ್ತಿರ ಕಲ್ಲಿನ ದೋಣಿಗಾಲುವೆಯಲ್ಲಿ ನೀರು ಹೇಗೆ ಅಷ್ಟು ದೂರದಿಂದ ಬರುತ್ತಿತ್ತು ಎಂದು ಸರ್ ವಿವರಿಸುತ್ತಿದ್ದರೆ, ಅವರ ಬೆನ್ನ ಹಿಂದೆ ನನ್ನ ಮುಂದೆ ಸಾಲು ನಿಂತಿತ್ತು. ಗಾರ್ಡು ಯಾರಿಗೋ ಚಿಕ್ಕಪ್ಪ, ಎಳನೀರಿನವ ಯಾರಿಗೋ ಮಾವ. ಪಂಪಾಪತಿಗೆ ಫ್ಯಾನಿನ ಭಾರ ತಡೆಯಲಾಗುತ್ತಿರಲಿಲ್ಲ. ಶಶಿಕಲಾ ಅತ್ತೇ ಬಿಟ್ಟಳು: "ಲಗ್ನಪತ್ರಿಕಿ ಹಂಗ ಕೈಯಾಗ ಕೊಟ್ಟು ಬರಾಕ ಆಗತೈತೇನು? ಕುಂಕುಮ ಹಚ್ಚಬೇಕು, ಕುಂದ್ರು ಅಂದ್ರೆ ಕುಂದ್ರಬೇಕು, ಚಾ ಕುಡೀಬೇಕು. ಇಲ್ಲಾಂದ್ರೆ ಮದಿವಿಗೆ ಬರಂಗಿಲ್ಲ ಅವರು." ನ್ಯಾಯವಾದ ಮಾತು. ಕಳಿಸಿದೆ. ಹೋದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಮಾನಿಟರಳ ಪಾಲು ಎಂದು ಒಂದೊಂದು ಮಿರ್ಚಿಯನ್ನೋ, ಮುಷ್ಟಿ ಒಗ್ಗರಣೆ ಮಂಡಕ್ಕಿಯನ್ನೋ ಹಾಳೆಯಲ್ಲಿ ಕಟ್ಟಿ ತರುತ್ತಿದ್ದರು. ಆಮೇಲೆ ಮತ್ತೆ ಹೋಗುತ್ತಿದ್ದರು, ಏಕೆಂದರೆ ಅಲ್ಲಿ ಊಟಕ್ಕೆ ಕರೆದಿದ್ದರು.

ಊಟದ ಹೊತ್ತಿಗೆ ಸರ್ ನಲವತ್ತೊಂದು ಪೊಟ್ಟಣ ಸಾಲಾಗಿ ಇಟ್ಟರು. ಮೈಸೂರಿನಿಂದ ಅವರ ತಾಯಿ ಪುಳಿಯೋಗರೆ ಗೊಜ್ಜು ಕಳಿಸಿದ್ದರಂತೆ. ಬೆಳಗಿನ ಜಾವ ಎದ್ದು ಸರ್ ತಾವೇ ಕಲಸಿದ್ದರಂತೆ. ಕೂತದ್ದು ಹತ್ತೊಂಬತ್ತು ಮಂದಿ. ಖಾಲಿ ಜಾಗಗಳ ಮುಂದಿನ ಇಪ್ಪತ್ತೆರಡು ಪೊಟ್ಟಣಗಳನ್ನು ಸರ್ ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಅವುಗಳಲ್ಲಿ ನಾಲ್ಕನ್ನು ಖಾಜಾ ಮಾಮ, ಎರಡನ್ನು ಹುಲಿಗೆಮ್ಮ, ಉಳಿದವನ್ನು ಹಂಪಿಯ ಮಂಗಗಳು ತಿಂದವು. ಮಂಗಗಳಿಗೆ ಹುಳಿ ಸ್ವಲ್ಪ ಹೆಚ್ಚಾಯಿತೆಂದು ಕಾಣುತ್ತದೆ, ಮುಖ ಹಿಂಡಿ ಹಿಂಡಿ ತಿನ್ನುತ್ತಿದ್ದವು.

ಹಂಪಿ ಬಜಾರಿಗೆ ಬಂದು ಇಳಿದಾಗ ಇನ್ನೂ ಒಂದು ಏಟು ಬಿತ್ತು. ಆಗ ಬಜಾರಿನ ಕಲ್ಲುಮಂಟಪಗಳಲ್ಲೇ ಅಂಗಡಿ, ಹೋಟೆಲು, ಸಂಸಾರ ಎಲ್ಲ ಇದ್ದವು. ಒಂದೊಂದು ಕಂಬದ ಹಿಂದಿನಿಂದಲೂ ಒಬ್ಬೊಬ್ಬ ಚಿಕ್ಕಮ್ಮ ಹೊರಬಂದಳು. ಗೋಪುರದ ಬಾಗಿಲು ಮುಟ್ಟುವಷ್ಟರಲ್ಲಿ ನಾವು ಏಳು ಜನ ಉಳಿದಿದ್ದೆವು. ಸರ್ ಆದರೂ ಬಿಡಲಿಲ್ಲ. ಗೋಪುರದ ಬುಡದಲ್ಲಿ ನಿಂತು, "ಕೆಳಗೆ ಕಲ್ಲು ಇಟ್ಟಿದ್ದಾರೆ, ಮೇಲಿನ ಅಂತಸ್ತುಗಳಿಗೆ ಇಟ್ಟಿಗೆ, ಗಾರೆ. ಯಾಕೆ?" ಎಂದರು. "ಕಲ್ಲು ತೀರಿರಬೇಕ್ರಿ ಸಾರ್" ಎಂದ ಮಲ್ಲ್ಯಾ. ಸರ್ ಸುತ್ತಲಿನ ಬೆಟ್ಟಗಳನ್ನೆಲ್ಲ ಒಮ್ಮೆ ನೋಡಿದರು. ಕಲ್ಲು ಬಿಟ್ಟರೆ ಕಣ್ಣಿಗೆ ಬೇರೇನೂ ಬೀಳುತ್ತಿರಲಿಲ್ಲ. "ಭಾರ ಕಡಿಮೆ ಆಗ್ಲಿ ಅಂತ ಕಣಪ್ಪಾ" ಎಂದು ಮೆಲ್ಲಗೆ ಹೇಳಿ ಒಳಗೆ ನಡೆದರು.

ಕತ್ತಲ ಕೋಣೆಯಲ್ಲಿ ಅವರು ಚೀಲದಿಂದ ಬಿಳಿಯ ಡ್ರಾಯಿಂಗ್ ಹಾಳೆ ತೆಗೆದು ಗೋಡೆಗೆ ಹಿಡಿದರು. ನೆರಳು ಅದರ ಮೇಲೆ ಬಂದು ಕೂತಿತು. ಅಷ್ಟು ದೊಡ್ಡ ಗೋಪುರ, ಕಳಸಗಳ ಸಮೇತ, ತಲೆ ಕೆಳಗೆ ಮಾಡಿಕೊಂಡು ಸುಮ್ಮನೆ ನಿಂತಿತ್ತು. ನಾನು ಹುಟ್ಟಿದಾಗಿನಿಂದ ಬಂದು ಹೋದ ಗುಡಿ ಅದು. ಅದರೊಳಗೆ ಇಂಥದೊಂದು ಇದೆ ಎಂದು ನನಗೆ ಗೊತ್ತಿರಲಿಲ್ಲ. ಮೈ ಜುಮ್ಮೆಂದಿತು. ಸರ್ ಬೆಳಕಿನ ಹಾದಿಯನ್ನು ನಿಧಾನವಾಗಿ, ಒಂದು ಮಾತನ್ನೂ ನುಂಗದೆ, ಏಳೇ ಜನಕ್ಕೆ ಹೇಳಿದರು. ಕಿಂಡಿಗೆ ಬೆರಳು ಅಡ್ಡ ಹಿಡಿಸಿದರು, ನೆರಳು ಮಾಯವಾಯಿತು; ಬೆರಳು ತೆಗೆಸಿದರು, ಮತ್ತೆ ಬಂತು. ಹೇಳಿ ಮುಗಿಸಿ ಹಾಳೆ ಸುತ್ತಿದರು. ಮೆಟ್ಟಿಲ ಮೇಲೆ ಕೂತರು. ಎರಡೂವರೆ ದಾಟಿತ್ತು.

"ಎರಡು ತಿಂಗಳು ಗಿರಿಜಾ" ಎಂದರು. "ನಲವತ್ತೊಂದು ಜನಕ್ಕೆ ತೋರಿಸ್ಬೇಕು ಅಂತಿದ್ದೆ. ಈಗ ತೋರಿಸೋದು ಹಾಗಿರ್ಲಿ, ಮೂವತ್ನಾಲ್ಕು ಮಕ್ಕಳನ್ನ ಕಳ್ಕೊಂಡು ಯಾವ ಮುಖ ಇಟ್ಕೊಂಡು ಗೇಟಿನ ಹತ್ರ ಹೋಗ್ಲಿ?"

ಅವರ ಕಣ್ಣಲ್ಲಿ ನೀರಿತ್ತು. ದೊಡ್ಡವರ ಕಣ್ಣಲ್ಲಿ, ಅದೂ ನನ್ನ ದೆಸೆಯಿಂದ, ನೀರು ನೋಡಿದ್ದು ಅದೇ ಮೊದಲು. ನನಗೆ ತಡೆಯಲಾಗಲಿಲ್ಲ. ಜೋರಾಗಿ ಅತ್ತುಬಿಟ್ಟೆ.

"ನಾನಾ ಕಳ್ಸೀನ್ರಿ ಸಾರ್. ಎಲ್ಲಾರ್ನೂ ನಾನಾ ಹೋಗಂದೀನ್ರಿ. ಕೇಳಿದ್ರು, ಹೂಂ ಅಂದೆ. ಮಿರ್ಚಿ ತಂದುಕೊಟ್ರು, ತಿಂದೆ."

ಸರ್ ಕಣ್ಣು ಒರೆಸಿಕೊಂಡರು. ಆಮೇಲೆ, "ಎಷ್ಟು ತಿಂದೆ?" ಎಂದರು.

"ಹನ್ನೊಂದ್ರಿ ಸಾರ್."

"ಹೊಟ್ಟೆ ನೋಯ್ತಿಲ್ವಾ?"

"ನೋಯಾಕತ್ತೈತ್ರಿ ಸಾರ್."

ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ತಮ್ಮ ನೀರಿನ ಬಾಟಲಿ ಕೊಟ್ಟರು. ನಾನು ಇನ್ನೂ ಜೋರಾಗಿ ಅತ್ತೆ.

ನಮ್ಮ ಗಲಾಟೆ ಕೇಳಿ, ಚಪ್ಪಲಿ ಕಾಯುತ್ತ ಹೊರಗೆ ಕೂತಿದ್ದ ಹುಲಿಗೆಮ್ಮ ಒಳಗೆ ಬಂದಳು. ವಿಷಯ ಕೇಳಿ ಅವಳಿಗೆ ನಗು ತಡೆಯಲಿಲ್ಲ. "ಅಯ್ಯ ಸಾರ್, ಕಳಕೊಂಡಿಲ್ರಿ ನೀವು! ಯಾರ್ಯಾರ ಮನ್ಯಾಗ ಯಾರ್ಯಾರು ಉಣ್ಣಾಕತ್ತಾರ ಅಂತ ನಾ ಹೇಳ್ಲೇನು? ಕುಂದ್ರಿ ನೀವು." ಸೆರಗು ಸೊಂಟಕ್ಕೆ ಸಿಕ್ಕಿಸಿ ಬಜಾರಿನ ನಡುವೆ ನಿಂತು ಒಂದು ಕೂಗು ಹಾಕಿದಳು. ಇನ್ನೊಂದನ್ನು ಮೂಲೆಯ ಟೆಲಿಫೋನ್ ಬೂತಿನಿಂದ ಕಮಲಾಪುರಕ್ಕೆ ಹಾಕಿದಳು. ಫೋನಿಲ್ಲದಿದ್ದರೂ ಅದು ಕಮಲಾಪುರ ಮುಟ್ಟುತ್ತಿತ್ತು.

ಆಮೇಲೆ ಬಂದರು ನೋಡಿ. ಮಂಟಪಗಳಿಂದ, ಓಣಿಗಳಿಂದ, ಟಿವಿಎಸ್ ಮೇಲೆ ಮೂರು ಮೂರು ಮಂದಿ, ಆಟೋದಲ್ಲಿ ಒಂಬತ್ತು. ಶಶಿಕಲಾ ಲಗ್ನಪತ್ರಿಕೆಯೆಲ್ಲ ಹಂಚಿ ಹಣೆತುಂಬ ತಾನೇ ಕುಂಕುಮ ಹಚ್ಚಿಸಿಕೊಂಡು ಬಂದಳು. ಪಂಪಾಪತಿ ಫ್ಯಾನು ಕೊಟ್ಟು ಮಿಕ್ಸರು ತಂದಿದ್ದ, ಅದಕ್ಕೆ ಹೊಸಪೇಟೆಯಲ್ಲಿ ರಿಪೇರಿಯಾಗಬೇಕಿತ್ತು. ಒಬ್ಬೊಬ್ಬರ ಜೊತೆಗೂ ಇಬ್ಬರು ಮೂವರು ನೆಂಟರು. ಎಲ್ಲರೂ ಸರ್‌ಗೆ ಕೈಮುಗಿದು, "ಯಾಕ್ರಿ ಸಾರ್, ಏನು ತೋರಸ್ತೀನಂದ್ರಿ ನಮ್ಮ ಹುಡುಗ್ರಿಗೆ?" ಎಂ‌ದರು. ಸರ್ ಹೇಳಿದರು. ಹೆಂಗಸರು ಮುಖ ಮುಖ ನೋಡಿಕೊಂಡರು. ಆ ಗೋಪುರದ ಕಾಲಡಿಯಲ್ಲೇ ಹುಟ್ಟಿ ಬೆಳೆದವರು ಹಲವರು. ಪ್ರವಾಸಿಗರು ಸಾಲುಗಟ್ಟಿ ಆ ಮೆಟ್ಟಿಲು ಹತ್ತುವುದನ್ನು ದಿನವೂ ಕಂಡವರು. ಏನಿದೆ ಎಂದು ಒಬ್ಬರೂ ಹತ್ತಿ ನೋಡಿರಲಿಲ್ಲ. "ನಮಗೂ ತೋರಸ್ರಿ" ಎಂದಳು ಹುಲಿಗೆಮ್ಮ.

ಹಾಗಾಗಿ ರಂಗನಾಥ ಸರ್ ಆ ಮಧ್ಯಾಹ್ನ ಪಾಠ ಮಾಡಿದ್ದು ನೂರಕ್ಕೂ ಹೆಚ್ಚು ಜನಕ್ಕೆ, ಸರದಿಯ ಮೇಲೆ, ಹತ್ತು ಹತ್ತು ಮಂದಿಯಂತೆ. ಪ್ರತಿ ಸಲವೂ ಅದೇ ಹುರುಪು. ಒಬ್ಬ ಮುದುಕಿ ಕಿಂಡಿಗೆ ಬೆರಳಿಟ್ಟು ತೆಗೆದು, ಇಟ್ಟು ತೆಗೆದು, "ನನ್ನ ಬೆರಳಿನಾಗ ಗೋಪುರ ಅಡಗತೈತಲ್ಲೋ ಯಪ್ಪಾ" ಎಂದು ಕೇಕೆ ಹಾಕಿ ನಕ್ಕಳು. ಮೂರೂವರೆ ಆಯಿತು. ಮೂರೂಮುಕ್ಕಾಲಾಯಿತು. ಬಸ್ಸು ಹೋಗಿಬಿಟ್ಟಿತೆಂದೇ ನಾನು ಹೆದರಿ ಹೊರಗೆ ಓಡಿದೆ. ಬಸ್ಸಿತ್ತು, ಡ್ರೈವರ್ ಇರಲಿಲ್ಲ. ಒಳಗೆ ಬಂದು ನೋಡಿದರೆ ಖಾಜಾ ಮಾಮ ಕೊನೆಯ ಸರದಿಯಲ್ಲಿ, ಕುತ್ತಿಗೆ ಪೂರ್ತಿ ವಾಲಿಸಿ, ಗೋಪುರವನ್ನು ನೆಟ್ಟಗೆ ನೋಡಲು ಪ್ರಯತ್ನಿಸುತ್ತಿದ್ದರು. "ಗಣಿ ಮಂದಿಗೆ ಒಂದಿನ ಟೈರ್ ಪಂಚರ್ ಅಂತ ಹೇಳಿದ್ರಾತು. ಸಾರ್, ಇನ್ನೊಂದ್ಸಲ ಹೇಳ್ರಿ" ಎಂದರು.

ನಾಲ್ಕೂಕಾಲಿಗೆ ಬಸ್ಸು ತುಂಬಿತು. ಸರ್ ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಎರಡು ಸಲ ಎಣಿಸಿದರು. ನಲವತ್ತೊಂದು. ಅವರ ಮುಖ ಅರಳಿದ್ದನ್ನು ನೋಡಿ ನನಗೂ ಹಾರಾಡುವಷ್ಟು ಸಂತೋಷವಾಯಿತು. ಪಟ್ಟಿ ತೆಗೆದು ಒಬ್ಬೊಬ್ಬರಿಗೂ ಟಿಕ್ ಹಾಕುತ್ತ ಹಿಂದಿನ ಸೀಟಿಗೆ ಬಂದೆ. ಅಲ್ಲಿ ಕಿಟಕಿಯ ಪಕ್ಕ, ವೀರೇಶನದೇ ಮುಖದ ಹೋಲಿಕೆಯ, ಬಿಳಿ ಅಂಗಿ ತೊಟ್ಟ ಅಪರಿಚಿತ ಹುಡುಗನೊಬ್ಬ ಅಕ್ಕಿಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾರಲೇ ನೀನು?"

"ಬಸವರಾಜ. ಕಂಪ್ಲಿ. ವೀರೇಶ ನಮ್ಮ ಮನ್ಯಾಗ ಉಳದಾನ, ನಮ್ಮವ್ವ ಬಿಡ್ಲಿಲ್ಲ. ಹೇಳಿ ಬಾ ಅಂತ ನನ್ನ ಕಳ್ಸ್ಯಾಳ. ಬಸ್ ನೋಡಿದೆ, ಹೊಸಪೇಟಿ ನೋಡಿ ಭಾಳ ದಿನ ಆಗಿತ್ತು, ಹತ್ತಿದೆ."

ಬಸ್ಸು ಆಗಲೇ ಹೊರಟಿತ್ತು. ಟಿಕ್ ಹಾಕಲು ಎತ್ತಿದ ಪೆನ್ಸಿಲು ವೀರೇಶನ ಹೆಸರಿನ ಮುಂದಿನ 'ಬರ್ತಾನ' ಎಂಬಲ್ಲೇ ನಿಂತಿತು. ಸುಮ್ಮನಿದ್ದರೆ ಲೆಕ್ಕ ಸರಿ, ಸರ್ ಗೆದ್ದರು, ಮೈಸೂರು ಸಿಕ್ಕಿತು. ಹೇಳಿದರೆ ಎಲ್ಲ ಮುಗಿಯಿತು. ಕಡ್ಡಿರಾಂಪುರ ದಾಟುವಾಗ ಸರ್ ನನ್ನ ಪಕ್ಕಕ್ಕೆ ಬಂದು ಹಿಂದಕ್ಕೆ ನೋಡುತ್ತ ಕೇಳಿದರು: "ಗಿರಿಜಾ, ಬೆಳಿಗ್ಗೆಗಿಂತ ವೀರೇಶ ಸ್ವಲ್ಪ ಎತ್ತರ ಕಾಣ್ತಾನಲ್ವಾ?"

"ಹಂಪಿ ಹವಾ ಇರಬೇಕ್ರಿ ಸಾರ್" ಎಂದೆ. ಸರ್ ತಲೆಯಾಡಿಸಿ ಮುಂದಕ್ಕೆ ಹೋದರು. ಅವರು ನನ್ನನ್ನು ಎರಡನೇ ಸಲ ನಂಬಿದರು ಎನ್ನುವುದು ನನಗೆ ಮಿರ್ಚಿಗಿಂತ ಹೆಚ್ಚು ಉರಿಯಿತು.

ಶಾಲೆಯ ಗೇಟಿನಲ್ಲಿ ಹೆಡ್ ಮಾಸ್ತರರು ಕೋಲು ಹಿಡಿದು ನಿಂತಿದ್ದರು. ಅವರ ಹಿಂದೆ ತಂದೆ ತಾಯಂದಿರು. ವೀರೇಶನ ಅವ್ವನೂ ಇದ್ದಳು. ಒಬ್ಬೊಬ್ಬರು ಇಳಿದಂತೆ ಹೆಡ್ ಮಾಸ್ತರರು ಕೋಲಿನಿಂದ ಗಾಳಿಯಲ್ಲಿ ಗೀಟು ಎಳೆದರು. ಮೂವತ್ತೊಂಬತ್ತು, ನಲವತ್ತು. ಬಸವರಾಜ ಇಳಿದ. "ನಲವತ್ತೊಂದು. ಭಲೆ ರಂಗನಾಥ್!" ಎಂದು ಅವರು ಸರ್ ಬೆನ್ನು ತಟ್ಟಿದರು. ಹುಡುಗರು ಹೋ ಎಂದರು. ವೀರೇಶನ ಅವ್ವ ಇಳಿದವರ ಮುಖವನ್ನೆಲ್ಲ ಹುಡುಕುತ್ತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

"ಸಾರ್, ಇವ ವೀರೇಶ ಅಲ್ರಿ" ಎಂದೆ. "ವೀರೇಶ ಕಂಪ್ಲ್ಯಾಗ ಉಳದಾನ್ರಿ. ನಾನಾ ಕಳ್ಸಿದ್ದು. ರಂಗನಾಥ ಸಾರ್‌ದು ಏನೂ ತಪ್ಪಿಲ್ರಿ."

ಹೆಡ್ ಮಾಸ್ತರರ ಕೈ ಸರ್ ಬೆನ್ನ ಮೇಲೆಯೇ ಉಳಿಯಿತು. ಸರ್ ಮುಖ ಅವರ ಡ್ರಾಯಿಂಗ್ ಹಾಳೆಯಷ್ಟು ಬೆಳ್ಳಗಾಯಿತು.

ವೀರೇಶನ ಅವ್ವ ಮುಂದೆ ಬಂದಳು. ಬಸವರಾಜನ ಗಲ್ಲ ಹಿಡಿದು ನೋಡಿದಳು. ಅಕ್ಕಿಯ ಚೀಲ ತೂಗಿ ನೋಡಿದಳು.

"ಅಲ್ಲೇ ಉಳದನೇನು ಆತ? ಉಳೀಲಿ ಬಿಡ್ರಿ. ನಮ್ಮಕ್ಕ ಅವನ್ನ ನೋಡಿ ಆರು ತಿಂಗಳಾಗಿತ್ತು." ಆಮೇಲೆ ಹೆಡ್ ಮಾಸ್ತರರ ಕಡೆ ತಿರುಗಿ, "ಒಬ್ಬ ಹೋದ, ಒಬ್ಬ ಬಂದ. ತಲಿಗೆ ತಲಿ ಬಂತಲ್ರಿ ಸಾರ್, ನೀವ್ಯಾಕ ಹಂಗ ಬೆವರಾಕತ್ತೀರಿ?" ಎಂದಳು.

ಹೆಡ್ ಮಾಸ್ತರರು ಕನ್ನಡಕ ತೆಗೆದು ಒರೆಸಿದರು. ಅವರೂ ಹೊಸಪೇಟೆಯವರೇ. ಬೆಳಗ್ಗೆ ಅವರ ಮನೆಯಿಂದಲೂ ಕಮಲಾಪುರಕ್ಕೆ ಒಂದು ತುಪ್ಪದ ಡಬ್ಬಿ ಇದೇ ಬಸ್ಸಿನಲ್ಲಿ ಹೋಗಿತ್ತು. ಅದನ್ನು ಒಯ್ದ ಹುಡುಗಿ ಅಲ್ಲೇ ನಿಂತು ಅವರನ್ನೇ ನೋಡುತ್ತಿದ್ದಳು.

"ರಂಗನಾಥ್" ಎಂದರು ಕೊನೆಗೆ, "ಮುಂದಿನ ವರ್ಷ ಮೈಸೂರಿಗೇ ಕರಕೊಂಡು ಹೋಗ್ರಿ. ಅಲ್ಲಿ ನಮ್ಮ ಮಂದಿ ಯಾರೂ ಇಲ್ಲ."

ನಮ್ಮ ಕೂಗಿಗೆ ಗೇಟು ಅದುರಿತು. ಆ ಗದ್ದಲದಲ್ಲಿ ಸರ್ ನನ್ನ ಕಡೆ ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದರು: "ಗಿರಿಜಾ, ಇವತ್ತೇ ನಮ್ಮಮ್ಮನಿಗೆ ಕಾಗದ ಬರೀಬೇಕು. ನಲವತ್ತೊಂದು ಜನ ಊಟಕ್ಕೆ ಬರ್ತಾರೆ ಅಂದ್ರೆ ಅವಳು ಈಗಿಂದ್ಲೇ ಹಪ್ಪಳ ಹಾಕೋಕೆ ಶುರು ಮಾಡ್ತಾಳೆ."